ಮುಕ್ಕಾಲು ಆಕಾಶ, ಕಾಲು ಚಾಮರಾಜಪೇಟೆ

ಏಪ್ರಿಲ್ ಮೂರನೇ ವಾರ ದಾಟಿತೆಂದರೆ ಸಾಕು, ಬೆಂಗಳೂರಿನವರ ವಾಟ್ಸಾಪ್ ಸ್ಟೇಟಸ್‌ನಲ್ಲೆಲ್ಲ ಒಂದೇ ಫೋಟೋ. ಕಪ್ಪು ಮೋಡ, ಅದರ ಅಂಚಿಗೊಂದು ಕಿತ್ತಳೆ ಗೆರೆ, ಕೆಳಗೆ ‘ನಮ್ಮ ಬೆಂಗಳೂರು ವೆದರ್’ ಅಂತ ಒಂದು ಸಾಲು. ಹತ್ತು ಜನರ ಸ್ಟೇಟಸ್ ಸರಿಸಿ ನೋಡಿ. ಯಾವುದು ಯಲಹಂಕದ್ದು, ಯಾವುದು ಜಯನಗರದ್ದು, ಯಾವುದು ಬೆಳ್ಳಂದೂರಿನದು ಅಂತ ಹೇಳಲಿಕ್ಕೇ ಆಗುವುದಿಲ್ಲ. ಮೋಡಕ್ಕೆ ಪಿನ್‌ಕೋಡ್ ಇರುವುದಿಲ್ಲವಲ್ಲ.

ನಾನು ವಾರಕ್ಕೆ ಐದು ದಿನ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡವೊಂದರಲ್ಲಿ ಕೋಡ್ ಬರೆಯುವವನು. ಶನಿವಾರ, ಭಾನುವಾರ ಸಂಜೆ ಕ್ಯಾಮೆರಾ ಬ್ಯಾಗ್ ಹೆಗಲಿಗೇರಿಸಿ ಹಳೇ ಬೆಂಗಳೂರಿನ ಕಡೆ ಹೊರಡುತ್ತೇನೆ. ಬಸವನಗುಡಿ, ಗವಿಪುರ, ಚಾಮರಾಜಪೇಟೆ, ಅಪರೂಪಕ್ಕೊಮ್ಮೆ ಮಲ್ಲೇಶ್ವರ. ಏಳೆಂಟು ವರ್ಷದ ಈ ತಿರುಗಾಟದಲ್ಲಿ ನನಗೆ ಗಟ್ಟಿಯಾದದ್ದು ಒಂದೇ ಮಾತು. ಆಕಾಶ ಎಷ್ಟೇ ಅಬ್ಬರವಾಗಿರಲಿ, ಫೋಟೋ ನಿಲ್ಲುವುದು ಕೆಳಗಿನ ನೆಲದ ಮೇಲೆ. ಫ್ರೇಮಿನ ಮುಕ್ಕಾಲು ಪಾಲು ಮೋಡಕ್ಕೇ ಕೊಡಿ, ಬೇಡ ಅನ್ನುವುದಿಲ್ಲ. ಉಳಿದ ಕಾಲು ಪಾಲಿನಲ್ಲಿ ಏನಿಡುತ್ತೀರಿ ಅನ್ನುವುದೇ ಕಷ್ಟದ ಪ್ರಶ್ನೆ.

ಲಾಲ್‌ಬಾಗ್ ಬಂಡೆಯನ್ನೇ ತೆಗೆದುಕೊಳ್ಳಿ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬವರು 1916ರಲ್ಲಿ ಈ ಜಾತಿಯ ಶಿಲೆಗೆ ‘ಪೆನಿನ್ಸುಲರ್ ನೈಸ್’ ಅಂತ ಹೆಸರಿಟ್ಟರು. ಈಗ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೆತ್ತಿಯ ಮೇಲೆ ಕೆಂಪೇಗೌಡರ ಗೋಪುರ. ಮೋಡ ಕಟ್ಟಿದ ಸಂಜೆ ಅಲ್ಲಿಗೆ ಬಂದವರೆಲ್ಲ ಗೋಪುರದ ಬುಡಕ್ಕೇ ಹೋಗಿ ನಿಲ್ಲುತ್ತಾರೆ. ಬುಡದಿಂದ ಗೋಪುರ ಪೂರ್ತಿ ಹಿಡಿಸುವುದಿಲ್ಲ, ಹಾಗಾಗಿ ಫೋನಿನಲ್ಲಿ 0.5 ಒತ್ತುತ್ತಾರೆ. ಗೋಪುರ ವಾಲುತ್ತದೆ. ಅಷ್ಟು ದೊಡ್ಡ ಮೋಡ ಹತ್ತಿ ಉಂಡೆಯಷ್ಟಾಗುತ್ತದೆ. ಮನೆಗೆ ಹೋಗಿ ನೋಡಿ, ‘ಕಣ್ಣಿಗೆ ಕಂಡಷ್ಟು ಚೆನ್ನಾಗಿ ಬರ್ಲೇ ಇಲ್ಲ’ ಅನ್ನುತ್ತಾರೆ.

ಮಾಡಬೇಕಾದ್ದು ಅದರ ಉಲ್ಟಾ. ಬಂಡೆಯ ಇಳಿಜಾರಿನಲ್ಲಿ ಕೆಳಗೆ, ಇನ್ನೂ ಕೆಳಗೆ ಹೋಗಿ. ಗೋಪುರ ಬಾನಂಚಿನಲ್ಲಿ ಬೆರಳಷ್ಟು ಕಾಣುವ ಜಾಗ ಸಿಗುತ್ತದೆ. ಮೋಡ ಹತ್ತಾರು ಕಿಲೋಮೀಟರ್ ದೂರದಲ್ಲಿದೆ, ನೀವು ನೂರು ಹೆಜ್ಜೆ ಹಿಂದೆ ಬಂದರೂ ಅದರ ಗಾತ್ರ ಬದಲಾಗುವುದಿಲ್ಲ. ಗೋಪುರ ಮಾತ್ರ ಚಿಕ್ಕದಾಗುತ್ತದೆ. ಈಗ ಮೂರು ಪಟ್ಟು ಜೂಮ್ ಮಾಡಿ. ಗೋಪುರ ಮೊದಲಿನ ಗಾತ್ರಕ್ಕೆ ಬಂತು, ಅದರ ಹಿಂದಿನ ಮೋಡ ಮೂರು ಪಟ್ಟು ದೊಡ್ಡದಾಯಿತು. ಇದರಲ್ಲಿ ಮಾಯ ಏನೂ ಇಲ್ಲ, ಹೈಸ್ಕೂಲಿನ ಜ್ಯಾಮಿತಿ. ಬಂಡೆಯ ಮೇಲೆ ಕೂತು ಹರಟುವ ಇಬ್ಬರು ಪುಟ್ಟದಾಗಿ ಫ್ರೇಮಿಗೆ ಬಂದರೆ ಇನ್ನೂ ಒಳ್ಳೆಯದು. ಮೋಡ ಎಷ್ಟು ದೊಡ್ಡದು ಅಂತ ಹೇಳಲಿಕ್ಕೆ ಮನುಷ್ಯರಿಗಿಂತ ಒಳ್ಳೆಯ ಅಳತೆಗೋಲು ಇಲ್ಲ.

ಯಾವ ತಿಂಗಳು ಹೋಗಬೇಕು ಅಂತ ತುಂಬ ಜನ ಕೇಳುತ್ತಾರೆ. ಮಳೆಗಾಲದಲ್ಲಿ ಅಂದುಕೊಂಡಿರುತ್ತಾರೆ. ನನ್ನ ಲೆಕ್ಕದಲ್ಲಿ ಜೂನ್, ಜುಲೈ ಅಷ್ಟೇನೂ ಗಿಟ್ಟುವುದಿಲ್ಲ. ಪಶ್ಚಿಮದಿಂದ ಗಾಳಿ ಜೋರು, ಮೋಡ ತಗ್ಗಿನಲ್ಲಿ ಬೂದು ಕಂಬಳಿ ಹಾಸಿದ ಹಾಗೆ, ಉಬ್ಬೂ ಇಲ್ಲ ತಗ್ಗೂ ಇಲ್ಲ. ಮಜಾ ಇರುವುದು ಮುಂಗಾರಿಗೆ ಮುಂಚೆ. ಏಪ್ರಿಲ್ ಕೊನೆಗೆ ಭರಣಿ ಶುರು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಅಂತ ಗಾದೆಯೇ ಇದೆ. ಆ ದಿನಗಳಲ್ಲಿ ಸೂರ್ಯ ಬೆಂಗಳೂರಿನ ನೆತ್ತಿಯ ಮೇಲೇ ಇರುತ್ತಾನೆ. ಬೆಳಗಿನಿಂದ ನೆಲ ಕಾದು, ಮಧ್ಯಾಹ್ನದ ಮೇಲೆ ಬಿಸಿಗಾಳಿ ಮೇಲೆದ್ದು, ನಾಲ್ಕು ಗಂಟೆಯ ಹೊತ್ತಿಗೆ ಹೂಕೋಸಿನ ಹಾಗೆ ಮೋಡ ಉಬ್ಬುತ್ತದೆ. ತಲೆ ಹತ್ತು ಹನ್ನೆರಡು ಕಿಲೋಮೀಟರ್ ಎತ್ತರ ಮುಟ್ಟಿ, ಅಲ್ಲಿಂದ ಮೇಲೇರಲಾರದೆ ಕಮ್ಮಾರನ ಅಡಿಗಲ್ಲಿನ ಹಾಗೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲೂ ಇಂಥ ಸಂಜೆಗಳು ಸಿಗುತ್ತವೆ. ನವೆಂಬರಿನಲ್ಲಿ, ಅಂದರೆ ಕಡಲೆಕಾಯಿ ಪರಿಷೆಯ ಆಸುಪಾಸಿನಲ್ಲಿ, ಮೋಡ ಬರುವ ದಿಕ್ಕೇ ಬದಲಾಗಿರುತ್ತದೆ. ಬಂಗಾಳ ಕೊಲ್ಲಿಯ ಕಡೆಯಿಂದ ಬರುತ್ತದಲ್ಲ, ಆಗ ಸಂಜೆಗಿಂತ ಬೆಳಗಿನ ಆಕಾಶ ವಾಸಿ. ಬ್ಯೂಗಲ್ ರಾಕ್ ಹತ್ತಿ ಪೂರ್ವಕ್ಕೆ ನೋಡಿ.

ಸೂರ್ಯ ಪಶ್ಚಿಮದಲ್ಲಿ ಮುಳುಗುತ್ತಾನೆ ಅನ್ನುವುದೂ ಅರ್ಧ ಸತ್ಯವೇ. ನಮ್ಮ ಊರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಜೂನ್ ಕೊನೆಗೆ ಸೂರ್ಯ ಸರಿಯಾದ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ ಮುಳುಗುತ್ತಾನೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದು ಹೆಚ್ಚುಕಡಿಮೆ 10 ಡಿಗ್ರಿ. ಅಂದರೆ ವರ್ಷದಲ್ಲಿ ಐದು ಮುಷ್ಟಿ ಅಗಲ ಸರಿದಾಡುತ್ತಾನೆ. ಗವಿ ಗಂಗಾಧರೇಶ್ವರ ದೇವಸ್ಥಾನದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಂಕ್ರಾಂತಿಯ ಸಂಜೆ ಬಿಸಿಲು ನಂದಿಯ ಕೊಂಬುಗಳ ನಡುವಿನಿಂದ ಒಳಗೆ ಹೋಗಿ ಲಿಂಗದ ಮೇಲೆ ಬೀಳುತ್ತದೆ, ಅದನ್ನು ನೋಡಲು ಗವಿಪುರದ ಬೀದಿಯೆಲ್ಲ ಜನ. ಮಿಕ್ಕ ದಿನಗಳಲ್ಲಿ ಆ ಅಂಗಳದಲ್ಲಿ ನಿಂತ ಸೂರ್ಯಪಾನ, ಚಂದ್ರಪಾನದ ದೊಡ್ಡ ಕಲ್ಲಿನ ತಟ್ಟೆಗಳು ಮೋಡದ ಎದುರು ನೆರಳು ಚಿತ್ರಕ್ಕೆ ಹೇಳಿ ಮಾಡಿಸಿದಂತಿವೆ. ಒಳಗೆ ಕ್ಯಾಮೆರಾ ಬೇಡ, ಹೊರಗೂ ಅಲ್ಲಿಯವರನ್ನು ಒಂದು ಮಾತು ಕೇಳಿಯೇ ತೆಗೆಯಿರಿ.

ಇನ್ನು ಬೆಳಕಿನ ಅಳತೆ. ಫೋನ್ ಕ್ಯಾಮೆರಾ ಪಾಪ ಎಲ್ಲರನ್ನೂ ಮೆಚ್ಚಿಸಲಿಕ್ಕೆ ನೋಡುತ್ತದೆ. ಆಕಾಶವೂ ಕಾಣಬೇಕು, ಮರದ ಕೆಳಗಿನ ಕತ್ತಲೂ ಕಾಣಬೇಕು ಅಂತ ನಾಲ್ಕಾರು ಫೋಟೋ ಬೆರೆಸಿ ಒಂದು ಮಾಡುತ್ತದೆ. ಫಲವಾಗಿ ಮೋಡದ ಗರ್ವವೆಲ್ಲ ಇಳಿದುಹೋಗುತ್ತದೆ. ಪರದೆಯ ಮೇಲೆ ಮೋಡದ ಅತಿ ಬೆಳ್ಳಗಿನ ಜಾಗ ಮುಟ್ಟಿ, ಪಕ್ಕದಲ್ಲಿ ಬರುವ ಪುಟ್ಟ ಸೂರ್ಯನ ಗುರುತನ್ನು ಕೆಳಕ್ಕೆ ಎಳೆಯಿರಿ. ನೆಲ ಕಪ್ಪಾಗುತ್ತದೆ, ಆಗಲಿ. ತೆಂಗಿನ ಮರ, ಗೋಪುರದ ಕಳಶ, ಮಂಗಳೂರು ಹೆಂಚಿನ ಮಾಡು, ಇವೆಲ್ಲ ಕಪ್ಪಾದರೂ ಗುರುತು ಸಿಗುವ ಆಕಾರಗಳು. ಕಪ್ಪಾದರೆ ಗುರುತು ಸಿಗದ ವಸ್ತು ನಿಮ್ಮ ಕಾಲು ಪಾಲಿನಲ್ಲಿದ್ದರೆ ಕಾಯಿರಿ. ಸೂರ್ಯ ಮುಳುಗಿದ ಮೇಲೆ ಹತ್ತು ಹದಿನೈದು ನಿಮಿಷಕ್ಕೆ ಆಕಾಶದ ಬೆಳಕೂ ನೆಲದ ಬೆಳಕೂ ಹತ್ತಿರ ಹತ್ತಿರ ಬರುತ್ತವೆ. ನಮ್ಮಲ್ಲಿ ಮುಸ್ಸಂಜೆ ಬೇಗ ಮುಗಿಯುತ್ತದೆ, ಒಟ್ಟು 20–22 ನಿಮಿಷ ಅಷ್ಟೇ.

ಸೂರ್ಯ ಮುಳುಗಿದ ತಕ್ಷಣ ಬ್ಯಾಗಿನ ಜಿಪ್ ಎಳೆಯುವವರನ್ನು ನೋಡಿದರೆ ನನಗೆ ಕೂಗಿ ಹೇಳೋಣ ಅನಿಸುತ್ತದೆ. ಹನ್ನೆರಡು ಕಿಲೋಮೀಟರ್ ಎತ್ತರದ ಮೋಡದ ತಲೆಗೆ ಸೂರ್ಯ ಇನ್ನೂ ಮುಳುಗಿರುವುದಿಲ್ಲ. ಒಮ್ಮೆ ಆಫೀಸಿನ ಮೀಟಿಂಗಿನಲ್ಲಿ ಕೂತು ಲೆಕ್ಕ ಹಾಕಿದೆ. ಭೂಮಿ ಗುಂಡಗಿರುವುದರಿಂದ ಅಷ್ಟು ಎತ್ತರದಲ್ಲಿ ಸೂರ್ಯಾಸ್ತ ಸುಮಾರು 14 ನಿಮಿಷ ತಡ. ನೆಲ ಕತ್ತಲಾದ ಮೇಲೆ ಮೋಡದ ತಲೆ ಒಂದೇ ಗುಲಾಬಿಯಾಗಿ ಹೊಳೆಯುವುದು ಅದಕ್ಕೇ. ಅದು ಬಹಳಷ್ಟು ಸಲ ಪೂರ್ವದಲ್ಲಿರುತ್ತದೆ, ಜನರೆಲ್ಲ ಪಶ್ಚಿಮಕ್ಕೆ ಮುಖ ಮಾಡಿರುತ್ತಾರೆ. ಮಲ್ಲೇಶ್ವರದ ಪಕ್ಕದ ಸ್ಯಾಂಕಿ ಕೆರೆಯಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. 1882ರಲ್ಲಿ ಕರ್ನಲ್ ರಿಚರ್ಡ್ ಸ್ಯಾಂಕಿ ಕಟ್ಟಿಸಿದ ಕೆರೆ. ಸಂಜೆಯ ವಾಕಿಂಗ್‌ನವರೆಲ್ಲ ಸದಾಶಿವನಗರದ ಕಡೆಯ ದಡದಲ್ಲಿ ನಿಂತು ಮುಳುಗುವ ಸೂರ್ಯನನ್ನು ಹಿಡಿಯುತ್ತಾರೆ. ನೀವು ಮಲ್ಲೇಶ್ವರದ ಕಡೆ ನಿಂತು ಬೆನ್ನು ತಿರುಗಿಸಿ ನೋಡಿ, ಪೂರ್ವದ ಮೋಡ ನೀರಿನಲ್ಲೂ ಇರುತ್ತದೆ.

ಒಂದು ಮಾತು, ಗುಡುಗು ಕೇಳಿಸಿತೆಂದರೆ ಬಂಡೆ, ತಾರಸಿ, ಕೆರೆ ಏರಿ ಯಾವುದರ ಮೇಲೂ ನಿಲ್ಲಬೇಡಿ. ಮಿಂಚಿಗೂ ಗುಡುಗಿಗೂ ನಡುವೆ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್ ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಬಂದರೆ ಕ್ಯಾಮೆರಾ ಮಡಚಿ ಒಳಗೆ ಹೋಗಿ.

ಇಷ್ಟೆಲ್ಲ ಪುಸ್ತಕ, ಯೂಟ್ಯೂಬ್, ಕಾಲು ನೋವು ಇವುಗಳಿಂದ ಬಂದ ವಿದ್ಯೆ. ಆಕಾಶ ನೋಡುವುದನ್ನು ನನಗೆ ಮೊದಲು ಹೇಳಿಕೊಟ್ಟದ್ದು ಮಾತ್ರ ಚಾಮರಾಜಪೇಟೆಯ ಅಜ್ಜಿ, ಅಮ್ಮನ ಅಮ್ಮ. ಆಕೆಗೆ ಈಗ 84. ಆಕೆಯ ಆಸಕ್ತಿ ಫೋಟೋ ಅಲ್ಲ, ಸಂಡಿಗೆ.

ಚಾಮರಾಜಪೇಟೆ ಶುರುವಾದದ್ದು 1892ರಲ್ಲಿ, ಚಾಮರಾಜ ಒಡೆಯರ ಹೆಸರಿನಲ್ಲಿ. ಕೋಟೆಯ ಪಕ್ಕದಲ್ಲೇ ಗೆರೆ ಎಳೆದ ಹಾಗೆ ಹಾಕಿದ ಬಡಾವಣೆ. ಆ ಕೋಟೆಯನ್ನು 1791ರ ಯುದ್ಧದ ಕಾಲದಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆ ಬಂದ ರಾಬರ್ಟ್ ಹೋಮ್ ಎಂಬ ಕಲಾವಿದ ಬರೆದಿದ್ದಾನೆ. 1794ರಲ್ಲಿ ಅವು ಪುಸ್ತಕವಾಗಿ ಬಂದವು. ಇಂಟರ್ನೆಟ್ಟಿನಲ್ಲಿ ಸಿಗುತ್ತವೆ, ಹುಡುಕಿ ನೋಡಿ. ಈಗ ಅದೇ ಜಾಗದಲ್ಲಿ ನಿಂತರೆ ಆಕಾಶ ಎರಡು ಕಟ್ಟಡಗಳ ನಡುವಿನ ರಿಬ್ಬನ್. ಹಾಗಾಗಿ ಈ ಕಡೆ ಆಕಾಶ ಬೇಕೆಂದರೆ ಯಾರದಾದರೂ ತಾರಸಿ ಹತ್ತಬೇಕು.

ನಮ್ಮಜ್ಜಿ ಮನೆ ಹಳೇ ಕಾಲದ್ದು. ಕೆಂಪು ನೆಲ, ಮುಂದೆ ಹೆಂಚಿನ ಚಾವಡಿ, ಹಿಂದೆ ಮದ್ರಾಸ್ ತಾರಸಿ. ಬೇಸಿಗೆ ರಜದಲ್ಲಿ ಅಲ್ಲಿ ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಅರಳು ಸಂಡಿಗೆ ಇಡುವುದು. ಮೊಮ್ಮಕ್ಕಳಿಗೆ ಕಾಗೆ ಓಡಿಸುವ ಕೆಲಸ. ಮಧ್ಯಾಹ್ನದ ಮೇಲೆ ಅಜ್ಜಿ ಮೆಟ್ಟಿಲ ಬಾಗಿಲಲ್ಲಿ ನಿಂತು, ಹಣೆಗೆ ಕೈ ಹಿಡಿದು ಆಕಾಶ ಓದುತ್ತಿದ್ದಳು. ದಿಕ್ಕುಗಳಿಗೆ ಆಕೆಯದೇ ಹೆಸರು. ‘ಗಾಳಿ ಆಂಜನೇಯನ ಕಡೆ ಕಪ್ಪಾದ್ರೆ ಮಳೆ ಗ್ಯಾರಂಟಿ, ಎತ್ತಿಬಿಡಿ. ಲಾಲ್‌ಬಾಗ್ ಕಡೆ ಕಪ್ಪಾದ್ರೆ ನಾಲ್ಕು ಹನಿ, ಅಷ್ಟೇ.’ ಹವಾಮಾನ ಇಲಾಖೆಯವರು ಒಪ್ಪುತ್ತಾರೋ ಇಲ್ಲವೋ. ಆಕೆಯ ಸಂಡಿಗೆ ನೆನೆದದ್ದು ಮಾತ್ರ ಕಡಿಮೆ.

ಈ ವರ್ಷ ಸಂಕ್ರಾಂತಿಗೆ ಎಲ್ಲರೂ ಸೇರಿದಾಗ ಮನೆಯ ಮಾತು ಮುಗಿಯಿತು. ಅಮ್ಮನಿಗೆ ಇಬ್ಬರು ಅಣ್ಣಂದಿರು, ಒಬ್ಬ ತಂಗಿ. ನಾಲ್ಕು ಪಾಲು. ಬಿಲ್ಡರಿಗೆ ಕೊಟ್ಟು ಅಪಾರ್ಟ್‌ಮೆಂಟ್ ಕಟ್ಟಿಸುವುದು, ಒಬ್ಬೊಬ್ಬರಿಗೆ ಒಂದೊಂದು ಮನೆ. ಯಾರ ಮೇಲೂ ನನಗೆ ಕೋಪವಿಲ್ಲ. ಮಳೆ ಬಂದರೆ ತಾರಸಿ ಸೋರುತ್ತದೆ, ದೊಡ್ಡ ಮಾವನಿಗೆ ಮಂಡಿ ನೋವು, ಬಚ್ಚಲು ಹಿತ್ತಲಿನಲ್ಲಿದೆ. ರಾತ್ರಿ ಅಜ್ಜಿಯನ್ನು ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುವವರು ನಾನಲ್ಲ, ಮಾವ. ‘ಹಳೇ ಮನೆ ಉಳಿಸಿ’ ಅಂತ ಔಟರ್ ರಿಂಗ್ ರೋಡಿನ ಫ್ಲ್ಯಾಟಿನಲ್ಲಿ ಕೂತು ಹೇಳುವುದು ಬಹಳ ಸುಲಭ. ಅಜ್ಜಿ ಹಾಕಿದ ಷರತ್ತು ಒಂದೇ, ‘ಸಹಿ ಆಷಾಢದಲ್ಲಿ ಬೇಡ’.

ಮಾವ ನನ್ನನ್ನು ಕರೆದು, ‘ನೀನು ಇಷ್ಟೆಲ್ಲ ಫೋಟೋ ತೆಗೀತೀಯಲ್ಲೋ, ಮನೇದೊಂದು ತೆಗೆದುಕೊಡು. ನಾಲ್ಕೂ ಮನೇಲಿ ಹಾಕ್ಕೊಳೋಣ’ ಅಂದರು.

ಬೀದಿಯಿಂದ ತೆಗೆಯಲಿಕ್ಕೆ ಆಗುವ ಮನೆಯಲ್ಲ ಅದು. ಎದುರಿಗೆ ಟ್ರಾನ್ಸ್‌ಫಾರ್ಮರ್, ನಿಲ್ಲಿಸಿದ ಕಾರುಗಳು. ‘ತಾರಸಿಯಿಂದ ತೆಗೀತೀನಿ ಮಾವ, ಸ್ವಲ್ಪ ಟೈಮ್ ಕೊಡಿ’ ಅಂದೆ. ಮೇ ಬರಲಿ ಅಂತ ಕಾದೆ. ಮೇ ಮೊದಲ ವಾರದ ಒಂದು ಶನಿವಾರ ಬೇಕಾದ್ದು ಬಂತು.

ಸಂಜೆ ಐದೂಮುಕ್ಕಾಲು. ಲಾಲ್‌ಬಾಗ್ ಕಡೆ ಮೋಡ ಗೋಡೆಯ ಹಾಗೆ ಎದ್ದಿತ್ತು, ಬುಡ ಸೀಸದ ಬಣ್ಣ. ನಾನು ತಾರಸಿಯ ಪಶ್ಚಿಮದ ಮೂಲೆಯಲ್ಲಿ, ಬೆನ್ನಿಗೆ ಸೂರ್ಯ, ಬಾನಂಚಿನಿಂದ ಇನ್ನೂ 12 ಡಿಗ್ರಿ ಮೇಲೆ. ಹಳದಿ ಬಿಸಿಲು ತಾರಸಿಯ ಮೇಲೆ ಮಲಗಿದ ಹಾಗೆ ಬೀಳುತ್ತಿತ್ತು. ಮೆಟ್ಟಿಲ ಕೋಣೆ, ಅದರ ಮೇಲೆ ಕಪ್ಪು ಸಿಂಟೆಕ್ಸ್ ಟ್ಯಾಂಕ್, ಪಕ್ಕದ ಮನೆಯ ತೆಂಗಿನ ಮರ, ಅಡ್ಡಾದಿಡ್ಡಿ ಕೇಬಲ್ ವೈರು. ತಾರಸಿಯ ನಡುವೆ ಬಿಳಿ ಪಂಚೆ, ಅದರ ಮೇಲೆ ಸಂಡಿಗೆ. ಗಾಳಿ ತಿರುಗಿತು. ಅಮ್ಮ, ಚಿಕ್ಕಮ್ಮ ಇಬ್ಬರೂ ಓಡಿ ಬಂದು ಪಂಚೆಯ ಎರಡು ತುದಿ ಹಿಡಿದರು. ಅಮ್ಮ ಬಗ್ಗಿದವಳು ತಲೆಯೆತ್ತಿ ಒಂದು ಕ್ಷಣ ಮೋಡದ ಕಡೆ ನೋಡಿದಳು. ಕ್ಯಾಮೆರಾ ಮೊದಲೇ ಹೊಂದಿಸಿಟ್ಟಿದ್ದೆ, ತೆಗೆದೆ. ಮೆಟ್ಟಿಲ ಬಾಗಿಲಿನಿಂದ ಅಜ್ಜಿಯ ದನಿ: ‘ಲಾಲ್‌ಬಾಗ್ ಕಡೆ ತಾನೇ? ನಿಧಾನಕ್ಕೆ ಎತ್ರೇ, ಮುರೀತಾವೆ.’ ಹನಿ ಬಿದ್ದದ್ದು ಹತ್ತು ನಿಮಿಷ, ಅದೂ ನೆಲ ಪೂರ್ತಿ ನೆನೆಯುವಷ್ಟಲ್ಲ.

ಆರೂಮುಕ್ಕಾಲಿಗೆ ಮತ್ತೆ ಹತ್ತಿದೆ. ಮೋಡ ಪೂರ್ವಕ್ಕೆ ಸರಿದಿತ್ತು, ಗುಡುಗು ನಿಂತಿತ್ತು. ಸೂರ್ಯ ಮುಳುಗಿ ಹತ್ತು ನಿಮಿಷ ಆಗಿರಬೇಕು. ಮೋಡದ ತಲೆ ಪೂರ್ತಿ ಗುಲಾಬಿ, ಕೆಳಗೆ ನೇರಳೆ, ಒಳಗೊಳಗೇ ಮಿಂಚಿದಾಗ ಚಿನ್ನದ ಬಣ್ಣ. ಇಷ್ಟು ವರ್ಷದಲ್ಲಿ ನಾನು ನೋಡಿದ ಅತ್ಯಂತ ಚೆಂದದ ಆಕಾಶ ಅದು. ಅದೇ ಮೂಲೆಯಲ್ಲಿ ನಿಂತು ಅದನ್ನೂ ತೆಗೆದೆ. ತಾರಸಿ ಖಾಲಿ, ಒದ್ದೆ ನೆಲದಲ್ಲಿ ಸ್ವಲ್ಪ ಗುಲಾಬಿ ಹೊಳಪು.

ಎರಡನ್ನೂ ಫ್ಯಾಮಿಲಿ ಗ್ರೂಪಿಗೆ ಹಾಕಿದೆ. ದೊಡ್ಡ ಮಾವನ ಮಗ ಅಮೆರಿಕದಲ್ಲಿದ್ದಾನೆ, ನನಗಿಂತ ನಾಲ್ಕು ವರ್ಷ ದೊಡ್ಡವನು. ಹತ್ತೇ ನಿಮಿಷದಲ್ಲಿ ಆತನ ವಾಯ್ಸ್ ಮೆಸೇಜ್: ‘ಸೂಪರ್ ಕಣೋ! ಎರಡನೇದರ ಆಕಾಶ ತಗೊಂಡು ಮೊದಲನೇದಕ್ಕೆ ಅಂಟಿಸಿಬಿಡು. ಹಾಗೇ ಆ ವೈರು, ಟ್ಯಾಂಕು ಅಳಿಸು. ಫೋನಲ್ಲೇ ಆಗುತ್ತಲ್ಲ ಈಗ.’

ಆಗುತ್ತದೆ, ನಿಜ. ಆಕಾಶ ಬದಲಿಸುವ ಸೌಲಭ್ಯ 2020ರಲ್ಲಿ ಫೋಟೋಶಾಪಿಗೆ ಬಂತು, ಈಗ ಫೋನುಗಳಲ್ಲೂ ಇದೆ. ಇದೇನೂ ಹೊಸ ಪಾಪ ಅಲ್ಲ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಸಮುದ್ರದ ಫೋಟೋಗಳನ್ನು ಹೀಗೇ ಮಾಡುತ್ತಿದ್ದ. ಆಗಿನ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕೆಂದರೆ ವಿಪರೀತ ಸೆಳೆತ. ಸಮುದ್ರ ಸರಿಯಾಗಿ ಬರುವಷ್ಟು ಹೊತ್ತು ತೆರೆದರೆ ಆಕಾಶ ಬರೀ ಬಿಳಿ ಹಾಳೆ. ಹಾಗಾಗಿ ಸಮುದ್ರಕ್ಕೊಂದು, ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಕೂಡಿಸಿ ಅಚ್ಚು ಹಾಕಿದ. ಒಂದೇ ಆಕಾಶವನ್ನು ಬೇರೆ ಬೇರೆ ಸಮುದ್ರಗಳ ಮೇಲೆ ಬಳಸಿದ್ದೂ ಉಂಟು. ಪ್ಲೇಟಿನ ಮಿತಿ ಅದು, ಆತನನ್ನು ದೂರುವ ಹಾಗಿಲ್ಲ. ಆನ್ಸೆಲ್ ಆ್ಯಡಮ್ಸ್ 1927ರಲ್ಲಿ ಯೊಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ತೆಗೆಯುವಾಗ ಕಡುಕೆಂಪು ಫಿಲ್ಟರ್ ಹಾಕಿ ಹಗಲಿನ ಆಕಾಶವನ್ನು ಹೆಚ್ಚುಕಡಿಮೆ ಕಪ್ಪು ಮಾಡಿದ. ನಾನೂ ಮೋಡದ ಬಣ್ಣ ಸ್ವಲ್ಪ ಗಾಢ ಮಾಡುತ್ತೇನೆ, ನೆರಳು ಸ್ವಲ್ಪ ಎತ್ತುತ್ತೇನೆ. ಮಡಿವಂತಿಕೆ ಏನಿಲ್ಲ.

ಆದರೂ ಅಂಟಿಸಲಿಲ್ಲ. ಅವನಿಗೆ ಕೊಟ್ಟ ಮೊದಲ ಕಾರಣ ಟೆಕ್ನಿಕಲ್. ಮೊದಲನೆಯ ಫೋಟೋದಲ್ಲಿ ಅಮ್ಮನ ನೆರಳು ತಾರಸಿಯ ಮೇಲೆ ಉದ್ದಕ್ಕೆ ಬಿದ್ದಿದೆ. ಸೂರ್ಯ ಮುಳುಗಿದ ಮೇಲಿನ ಆಕಾಶದ ಕೆಳಗೆ ಅಂಥ ನೆರಳು ಇರಲಿಕ್ಕೆ ಸಾಧ್ಯವಿಲ್ಲ. ನೋಡಿದವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಸರಿಯಿಲ್ಲ ಅನಿಸುತ್ತದೆ. ‘ನೆರಳೂ ಅಳಿಸಪ್ಪ’ ಅಂದ. ಅದೂ ಆಗುತ್ತದೆ. ಎರಡನೆಯ ಕಾರಣಕ್ಕೆ ಅವನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ತಲೆಯೆತ್ತಿ ನೋಡುತ್ತಿರುವುದು ಆ ಸೀಸದ ಬಣ್ಣದ ಮೋಡವನ್ನು. ಪಂಚೆ ಎಳೆಯುತ್ತಿರುವುದು ಅದಕ್ಕೆ ಹೆದರಿ. ಅಲ್ಲಿ ಗುಲಾಬಿ ಬಣ್ಣದ ಶಾಂತ ಆಕಾಶ ತಂದಿಟ್ಟರೆ ಅವರಿಬ್ಬರೂ ಯಾಕೆ ಓಡುತ್ತಿದ್ದಾರೆ?

ಟ್ಯಾಂಕಿನ ಬಗ್ಗೆ ಅಮ್ಮನೇ ಮಾತಾಡಿದಳು. ಗ್ರೂಪಿನಲ್ಲಿ ಹಾಗೆಲ್ಲ ಬರೆಯುವವಳಲ್ಲ. ‘ಟ್ಯಾಂಕ್ ಇರಲಿ. ಅಪ್ಪ ಇದ್ದಾಗ ಹಾಕಿಸಿದ್ದು’ ಅಂತ ಒಂದೇ ಸಾಲು. ಆಮೇಲೆ ಯಾರೂ ಏನೂ ಹೇಳಲಿಲ್ಲ. ವೈರು ನಾನೇ ಉಳಿಸಿಕೊಂಡೆ. ಅದರ ಮೇಲೆ ಕೂತ ಎರಡು ಕಾಗೆಗೂ ಆ ಸಂಡಿಗೆಯಲ್ಲಿ ಪಾಲಿದೆ.

ಹೀಗಾಗಿ ಒಳ್ಳೆಯ ಆಕಾಶ ಇರುವುದು ಎರಡನೆಯದರಲ್ಲಿ, ಅಚ್ಚಿಗೆ ಹೋದದ್ದು ಮೊದಲನೆಯದು. 12ಕ್ಕೆ 18 ಇಂಚಿನ ನಾಲ್ಕು ಪ್ರಿಂಟ್. ಫ್ರೇಮಿನಲ್ಲಿ ಮುಕ್ಕಾಲು ಆಕಾಶ, ಕೆಳಗಿನ ಕಾಲು ಭಾಗ ತಾರಸಿ. ಗಾಂಧಿ ಬಜಾರಿನ ಹತ್ತಿರದ ಅಂಗಡಿಯ ಹುಡುಗ ಕಟ್ಟು ಹಾಕಿಸುವಾಗ ಕೇಳಿದ, ‘ಸರ್, ಕೆಳಗಡೆ ಸ್ವಲ್ಪ ಕಟ್ ಮಾಡ್ಲಾ? ಬರೀ ಮೋಡ ಇದ್ರೆ ಚೆನ್ನಾಗಿರುತ್ತೆ.’

ಅಜ್ಜಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಕಾಶದ ಬಗ್ಗೆ ಒಂದು ಮಾತಿಲ್ಲ. ಪಂಚೆಯ ಮೂಲೆಗೆ ಬೆರಳಿಟ್ಟು, ‘ಈ ಕಡೆಯದು ಇನ್ನೂ ಒಣಗಿರ್ಲಿಲ್ಲ ಕಣೋ. ಮಾರನೇ ದಿನ ಮತ್ತೆ ಹಾಕಬೇಕಾಯ್ತು’ ಅಂದಳು.

ಸಹಿ ಶ್ರಾವಣದಲ್ಲಿ. ಅಷ್ಟರೊಳಗೆ ಗಾಳಿ ಆಂಜನೇಯನ ಕಡೆಯಿಂದ ಎದ್ದು ಬರುವ ಮೋಡದ್ದೊಂದು ಫೋಟೋ ಆಗಬೇಕು. ಅದಕ್ಕೆ ತಾರಸಿಯ ಪೂರ್ವದ ಮೂಲೆ ಬೇಕು, ಅಲ್ಲಿ ಅಜ್ಜಿಯ ತುಳಸಿ ಕುಂಡ ಇದೆ. ತಾರಸಿ ಬೀಗದ ಕೈ ಮಾವ ನನ್ನ ಹತ್ತಿರವೇ ಬಿಟ್ಟಿದ್ದಾರೆ.